ಪಡಸಾಲೆಗೆ ಬಂದ ಪಿಶಾಚಿ

1992ರ ಅಕ್ಟೋಬರ್ 31, ಶನಿವಾರ. ಪ್ರೇತಗಳು ಸಂಚಾರಕ್ಕೆ ಹೊರಡುವುವೆಂದು ಇಂಗ್ಲೆಂಡಿನವರು ವಿನೋದಕ್ಕಾದರೂ ನಂಬುವ ಹ್ಯಾಲೋವೀನ್ ರಾತ್ರಿ. ಒಂಬತ್ತೂವರೆಗೆ ಐದು ನಿಮಿಷವಿರುವಾಗ ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ಮೈಕೇಲ್ ಪಾರ್ಕಿನ್‌ಸನ್ ಕಾಣಿಸಿಕೊಂಡರು. ಹೆಸರಾಂತರನ್ನು ಮಾತಿಗೆಳೆಯುತ್ತ ಮನೆಮನೆಗೂ ಪರಿಚಿತವಾಗಿದ್ದ ಮುಖವದು. ಲಂಡನ್ನಿನ ಹೊರವಲಯದ ನಾರ್ತೋಲ್ಟ್‌ನಲ್ಲಿ ಒಂದು ಮನೆಗೆ ಪಿಶಾಚಿಯ ಕಾಟವಿದೆಯೆಂದೂ, ಅದನ್ನು ಅಲ್ಲಿಂದಲೇ ನೇರವಾಗಿ ತೋರಿಸುವೆವೆಂದೂ ಅವರು ಗಂಭೀರವಾಗಿ ಸಾರಿದರು.

ನೇರವಾದುದು ಏನೂ ಇರಲಿಲ್ಲ. ಸ್ಟೀಫನ್ ವೋಕ್ ಬರೆದು ಲೆಸ್ಲಿ ಮ್ಯಾನಿಂಗ್ ನಿರ್ದೇಶಿಸಿದ ‘ಗೋಸ್ಟ್‌ವಾಚ್’ ಎಂಬ ಆ ನಾಟಕವು ತಿಂಗಳುಗಳ ಹಿಂದೆಯೇ ಚಿತ್ರಿತವಾಗಿದ್ದಿತು. ಮೊದಲಿಗೆ ಕರ್ತೃವಿನ ಹೆಸರೂ ತೆರೆಯ ಮೇಲೆ ಬಂದಿತ್ತು. ಆದರೆ ಮುಖವನ್ನು ನಂಬಿದವರು ಹೆಸರನ್ನೇಕೆ ಓದಿಯಾರು?

ಆ ಮನೆಯಲ್ಲಿ ಒಬ್ಬ ತಾಯಿ, ಇಬ್ಬರು ಹೆಣ್ಣುಮಕ್ಕಳು. ಸದ್ದು ಕೊಳವೆಗಳದೆಂದು ತಾಯಿ ಸಮಾಧಾನ ಹೇಳಿದ್ದರಿಂದ ಮಕ್ಕಳು ಪಿಶಾಚಿಗೆ ‘ಪೈಪ್ಸ್’ ಎಂದೇ ಹೆಸರಿಟ್ಟಿದ್ದಾರೆ. ಮಲಗುವ ಕೋಣೆಯ ಪರದೆಯ ಬಳಿ ಯಾರೋ ನಿಂತಂತಿದೆಯೆಂದು ಪ್ರೇಕ್ಷಕರು ಫೋನ್ ಮಾಡುತ್ತಾರೆ. ದೃಶ್ಯವನ್ನು ಮತ್ತೆ ತೋರಿಸಲಾಗುತ್ತದೆ, ಕಂಡಿತೆನ್ನುವಷ್ಟರಲ್ಲಿ ಇಲ್ಲ. ನಡುವೆ ಹಿರಿಯ ಮಗಳೇ ಸದ್ದು ಮಾಡುತ್ತ ಸಿಕ್ಕಿಬೀಳುತ್ತಾಳೆ. ಸದ್ಯ, ಎಲ್ಲವೂ ಹುಡುಗಾಟವೆಂದು ನೋಡುವವರು ನಿಟ್ಟುಸಿರಿಡಬೇಕು. ಆಮೇಲೆಯೇ ನಿಜವಾದ ಭೀತಿ. ದೇಶದ ಜನರೆಲ್ಲ ಒಟ್ಟಾಗಿ ತೆರೆಯನ್ನು ದಿಟ್ಟಿಸುತ್ತಿರುವುದೇ ಪ್ರೇತಾವಾಹನೆಯಾಯಿತೆಂದು ಕಥೆಯ ಮನಶ್ಶಾಸ್ತ್ರಜ್ಞೆಗೆ ಹೊಳೆಯುವಷ್ಟರಲ್ಲಿ ಪಿಶಾಚಿ ಸ್ಟುಡಿಯೋವನ್ನೇ ಹೊಕ್ಕಿರುತ್ತದೆ. ಕೊನೆಗೆ ಪಾರ್ಕಿನ್‌ಸನ್ನರ ಬಾಯಿಂದಲೇ ಅದರ ದನಿ!

ಈ ಕಲ್ಪನೆ ಅಸಾಧಾರಣವಾದುದೇ. ಎಡವಿದ್ದು ಫೋನಿನಲ್ಲಿ. ತೆರೆಯ ಮೇಲೆ ಕೊಟ್ಟಿದ್ದುದು ಮಕ್ಕಳ ಕಾರ್ಯಕ್ರಮದಲ್ಲಿಯೂ ಬಳಕೆಯಲ್ಲಿದ್ದ ನಿಜವಾದ ನಂಬರು. ಕರೆ ಮಾಡಿದವರಿಗೆ ಇದು ಕಟ್ಟುಕಥೆಯೆಂದು ತಿಳಿಸುವ ಏರ್ಪಾಡೇನೋ ಇತ್ತು; ಆದರೆ ಕರೆಗಳ ನೂಕುನುಗ್ಗಲಿನಲ್ಲಿ ಎಷ್ಟೋ ಮಂದಿಗೆ ‘ಎಂಗೇಜ್’ ಸದ್ದಲ್ಲದೆ ಬೇರೇನೂ ಕೇಳಿಸಲಿಲ್ಲ. ಹೆದರಿದವರಿಗೆ ಅದಕ್ಕಿಂತ ದೊಡ್ಡ ಪುರಾವೆ ಬೇಕೆ?

1994ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಈ ನಾಟಕವನ್ನು ನೋಡಿ ಮಾನಸಿಕ ಆಘಾತಕ್ಕೆ ಒಳಗಾದ ಹತ್ತು ವರ್ಷದ ಇಬ್ಬರು ಬಾಲಕರ ಸ್ಥಿತಿಯನ್ನು ವರದಿ ಮಾಡಿತು. ದೊಡ್ಡವರ ನಾಟಕವೆಂದು ಬಿ.ಬಿ.ಸಿ. ಎಷ್ಟೇ ಹೇಳಲಿ, ಮಕ್ಕಳಿಗೆ ಅಚ್ಚುಮೆಚ್ಚಿನ ನಿರೂಪಕಿ ಸಾರಾ ಗ್ರೀನ್‌ರನ್ನು ಆ ಮನೆಯೊಳಗೆ ಕಳುಹಿಸಿದವರು ಯಾರು? ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಆಕೆ ಮರೆಯಾದುದನ್ನು ಕಂಡು ಮಲಗಿದ ಮಕ್ಕಳಿಗೆ, ತಾನು ಬದುಕಿರುವೆನೆಂದು ತಿಳಿಸಲು ಆಕೆ ಸೋಮವಾರ ಮಕ್ಕಳ ಕಾರ್ಯಕ್ರಮದಲ್ಲಿ ಮತ್ತೆ ಮುಖ ತೋರಿಸಬೇಕಾಯಿತು.