‘ಅರ್ಥವಾಯ್ತಾ?’ ಎಂದರೆ ಸುಮ್ಮನೆ ತಲೆಯಾಡಿಸಬೇಡಿ

ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಹೊರಗೆ ಬಂದ ಮೇಲೆ ‘ಏನಂದ್ರು?’ ಎಂದು ಪಕ್ಕದವರನ್ನು ಕೇಳುವ ಅಭ್ಯಾಸ ನಿಮಗೂ ಇದೆಯೇ? ನನಗಿತ್ತು. ನನ್ನ ತಂಗಿಯ ಮಗುವಿನ ದೆಸೆಯಿಂದ ಬಿಟ್ಟೆ.

ಮಗುವಿಗೆ ಆಗ ಏಳು ತಿಂಗಳು. ಹಾಲು ಕುಡಿಯುವಾಗ ಏದುಸಿರು, ಹಣೆ ತುಂಬ ಬೆವರು, ತೂಕವೂ ಏರಲಿಲ್ಲ. ದೃಷ್ಟಿಯೆಂದು ಅತ್ತೆಯವರು ನೀವಾಳಿಸಿದ್ದೂ ಆಯಿತು. ಕೊನೆಗೆ ಅಂಗನವಾಡಿಗೆ ಬಂದ ಡಾಕ್ಟರ ತಂಡ ಪರೀಕ್ಷಿಸಿ, ಹೃದಯದಲ್ಲಿ ರಂಧ್ರವಿರಬಹುದು ಎಂದಿತು. (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 2013ರಿಂದ ಹೀಗೆ ಮಕ್ಕಳನ್ನು ಉಚಿತವಾಗಿ ಪರೀಕ್ಷಿಸುತ್ತಾರೆ. ಆ ದಿನ ಮಗುವನ್ನು ತಪ್ಪದೆ ಕರೆದೊಯ್ಯಿರಿ.)

ಗಾಬರಿಯಲ್ಲಿ ನೇರ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಓಡಿದೆವು. ತಂಗಿಯ ಯಜಮಾನರು ವಿಮೆ ಮಾಡಿಸಿದ್ದರಲ್ಲ, ಆ ಧೈರ್ಯ. ಕೌಂಟರಿನಲ್ಲಿ ತಿಳಿಯಿತು: ಪಾಲಿಸಿಯಲ್ಲಿ ಮಗುವಿನ ಹೆಸರೇ ಇಲ್ಲ! ಹುಟ್ಟಿದ ಮೇಲೆ ಸೇರಿಸಬೇಕೆಂಬುದು ಇಂಗ್ಲಿಷಿನ ಆ ಸಣ್ಣ ಅಕ್ಷರಗಳಲ್ಲಿತ್ತು, ಓದಿದವರು ಯಾರು?

ಅದಕ್ಕಿಂತ ದೊಡ್ಡ ಗಂಡಾಂತರ ಅಂದು ರಾತ್ರಿ ಕಾದಿತ್ತು. ನರ್ಸಮ್ಮ ಹಿಂದಿ, ಇಂಗ್ಲಿಷ್ ಬೆರೆಸಿ ಔಷಧದ ಅಳತೆ ಹೇಳಿದ್ದರು. ತಂಗಿ ತಲೆಯಾಡಿಸಿದ್ದಳು. ನಾನು ನೋಡುವಾಗ ಸಿರಿಂಜಿನಲ್ಲಿ 5 ಎಂ.ಎಲ್. ತುಂಬುತ್ತಿದ್ದಾಳೆ. ಚೀಟಿಯಲ್ಲಿದ್ದದ್ದು 0.5! ಹತ್ತು ಪಟ್ಟು ಔಷಧ. ನನ್ನ ಕೈಕಾಲು ತಣ್ಣಗಾದವು. ‘ಅಕ್ಕಾ, ಕೇಳಿದ್ರೆ ದಡ್ಡಿ ಅಂದ್ಕೋತಾರೆ ಅಂತ ಸುಮ್ಮನಾದೆ’ ಎಂದು ಅತ್ತಳು.

ಮರುದಿನವೇ ಊರಿಗೆ ಬಂದು, ಬಿ.ಪಿ.ಎಲ್. ಕಾರ್ಡು ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೋದೆವು. ಅಲ್ಲಿಂದ ಶಿಫಾರಸು ಪತ್ರ ಸಿಕ್ಕಿ, ಸರ್ಕಾರದ ಯೋಜನೆಯಲ್ಲೇ ಶಸ್ತ್ರಚಿಕಿತ್ಸೆ ಆಯಿತು.

ನಾವು ಪಟ್ಟ ಪಾಡು ನಿಮಗೆ ಬೇಡ. ಇಷ್ಟನ್ನು ನೆನಪಿಡಿ:

* 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎ.ಪಿ.ಎಲ್.ನವರಿಗೆ ಯೋಜನೆಯ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪಡೆಯಿರಿ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಅದಕ್ಕಾಗಿ ಕಾಯಬೇಕಿಲ್ಲ. ಹೋಗುವ ಆಸ್ಪತ್ರೆ ಯೋಜನೆಗೆ ಸೇರಿದೆಯೇ ಎಂದು ಕೇಳಿಕೊಳ್ಳಿ.

* ಖಾಸಗಿ ಆರೋಗ್ಯ ವಿಮೆಯಿದ್ದರೆ, ಅದರ ಮುಖ್ಯಾಂಶಗಳ ಹಾಳೆಯನ್ನು ಕನ್ನಡದಲ್ಲೇ ಕೊಡಿ ಎಂದು ಕೇಳಿ. ಕೇಳಿದವರಿಗೆ ಅವರ ಭಾಷೆಯಲ್ಲಿ ಕೊಡಬೇಕೆಂಬ ನಿಯಮ 2024ರ ಜನವರಿಯಿಂದ ಇದೆ. ಮಗುವಿನ ಹೆಸರು ಸೇರಿದೆಯೇ, ಹುಟ್ಟಿನಿಂದ ಬಂದ ಕಾಯಿಲೆಗೆ ಹಣ ಸಿಗುತ್ತದೆಯೇ, ಎಷ್ಟು ಕಾಲ ಕಾಯಬೇಕು, ಈ ಮೂರನ್ನೂ ನೋಡಿ.

* ಔಷಧ ಎಷ್ಟು, ದಿನಕ್ಕೆ ಎಷ್ಟು ಸಲ ಎಂದು ಕನ್ನಡದಲ್ಲಿ ಬರೆದುಕೊಳ್ಳಿ. ಸಿರಿಂಜಿನ ಮೇಲೆ ಗೆರೆ ಎಳೆದು ತೋರಿಸಲು ಹೇಳಿ. ಕೊನೆಗೆ, ‘ನನಗೆ ತಿಳಿದದ್ದು ಇದು, ಸರೀನಾ?’ ಎಂದು ನೀವೇ ತಿರುಗಿ ಹೇಳಿ. ಡಾಕ್ಟರಿಗೆ ಕನ್ನಡ ಬಾರದಿದ್ದರೆ, ಬಲ್ಲ ಸಿಬ್ಬಂದಿಯನ್ನು ಕರೆಸುವಂತೆ ಕೇಳಲು ಸಂಕೋಚ ಬೇಡ.

ತರಕಾರಿಯವನ ಹತ್ತಿರ ಎಂಟಾಣೆಗೂ ಚೌಕಾಸಿ ಮಾಡಿ ಬೆಳೆದವರು ನಾವು. ಮಗುವಿನ ಜೀವದ ಮಾತು ಬಂದಾಗ ಬಾಯಿ ಕಟ್ಟಿಕೊಳ್ಳುವುದೇಕೆ? ನಮ್ಮ ಪುಟ್ಟಿ ಈಗ ಅಂಗಳದ ಕೋಳಿಗಳನ್ನೆಲ್ಲ ಅಟ್ಟಿಸಿಕೊಂಡು ಓಡುತ್ತಾಳೆ. ತಂಗಿಯೂ ಈಗ ಆಸ್ಪತ್ರೆಯಲ್ಲಿ ಎರಡು ಸಲ ಕೇಳದೆ ಎದ್ದು ಬರುವುದಿಲ್ಲ.