ಓವರ್‌ಕ್ಲಾಕ್ ಮಾಡಿದರೆ ಲಾಭವೆಷ್ಟು? ಬಿಸಿಲು ಸೀಮೆಯ ಲೆಕ್ಕ

ಹೊಸ ಕಂಪ್ಯೂಟರ್ ಜೋಡಿಸಿಕೊಂಡವರಿಗೂ, ಹಳೆಯದನ್ನೇ ಇನ್ನೆರಡು ವರ್ಷ ಓಡಿಸಬೇಕು ಅನ್ನುವವರಿಗೂ ಯೂಟ್ಯೂಬ್ ಹೇಳಿಕೊಡುವ ಉಪಾಯ ಒಂದೇ: ಓವರ್‌ಕ್ಲಾಕ್ ಮಾಡಿ. ಒಂದು ರೂಪಾಯಿ ಖರ್ಚಿಲ್ಲದೆ ಪ್ರೊಸೆಸರಿನ ವೇಗ ಏರುತ್ತದೆ ಅನ್ನುವ ಮಾತು ಯಾರಿಗೆ ಬೇಡ? ಆದರೆ ಆ ವಿಡಿಯೊಗಳಲ್ಲಿ ಕಾಣುವ ಅಂಕಿಗಳೆಲ್ಲ ಹೆಚ್ಚಾಗಿ ತಂಪು ಕೋಣೆಯಲ್ಲಿ ಅಳೆದವು. ಬಂಡ್ರಿ, ಸಂಡೂರು, ಕಂಪ್ಲಿ ಕಡೆ ಏಪ್ರಿಲ್ ಮಧ್ಯಾಹ್ನ ಹೊರಗೆ 40 ಡಿಗ್ರಿ ದಾಟುತ್ತದೆ, ಸಂಜೆ ಕರೆಂಟು ಏರಿಳಿಯುತ್ತದೆ, ಕಿಟಕಿ ತೆರೆದರೆ ಕೆಂಧೂಳು ಒಳಗೆ ಬರುತ್ತದೆ. ಇಲ್ಲಿನ ಲೆಕ್ಕವೇ ಬೇರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಇವತ್ತಿನ ಪ್ರೊಸೆಸರಿಗೆ ನಮ್ಮ ಹವೆಯಲ್ಲಿ ಓವರ್‌ಕ್ಲಾಕ್ ಲಾಭದ ಕೆಲಸವಲ್ಲ. ಅದೇ ಶ್ರಮವನ್ನು ವೋಲ್ಟೇಜ್ ಇಳಿಸುವುದಕ್ಕೆ, ಧೂಳು ತೆಗೆಯುವುದಕ್ಕೆ, ರ‍್ಯಾಮ್ ಸರಿಮಾಡುವುದಕ್ಕೆ ಹಾಕಿದರೆ ಫಲ ಹೆಚ್ಚು.

ಒಳಗೆ ಆಗುವುದೇನು?

ಪ್ರೊಸೆಸರಿನ ಕೆಲಸವೆಲ್ಲ ಒಂದು ಬಡಿತಕ್ಕೆ ಅನುಸಾರವಾಗಿ ನಡೆಯುತ್ತದೆ. 4 ಗಿಗಾಹರ್ಟ್ಜ್ ಅಂದರೆ ಸೆಕೆಂಡಿಗೆ 400 ಕೋಟಿ ಬಡಿತ. ಮದರ್‌ಬೋರ್ಡು ಸಾಮಾನ್ಯವಾಗಿ 100 ಮೆಗಾಹರ್ಟ್ಜ್‌ನ ಬೇಸ್ ಕ್ಲಾಕ್ ಕೊಡುತ್ತದೆ, ಪ್ರೊಸೆಸರ್ ಅದನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿಕೊಳ್ಳುತ್ತದೆ. 100ನ್ನು 40ರಿಂದ ಗುಣಿಸಿದರೆ 4,000 ಮೆಗಾಹರ್ಟ್ಜ್. ಬಯೋಸ್‌ಗೆ ಹೋಗಿ ಆ 40ನ್ನು 45 ಮಾಡುವುದೇ ಓವರ್‌ಕ್ಲಾಕ್.

ಬಡಿತ ಚುರುಕಾದಷ್ಟೂ ಟ್ರಾನ್ಸಿಸ್ಟರಿಗೆ ತನ್ನ ಸ್ಥಿತಿ ಬದಲಿಸಿಕೊಳ್ಳಲು ಸಿಗುವ ಸಮಯ ಕಡಿಮೆಯಾಗುತ್ತದೆ. ಸಮಯ ಸಾಲದೆ ಹೋದರೆ 1 ಇರಬೇಕಾದ ಕಡೆ 0 ಬರುತ್ತದೆ. ಗಣಕ ನೀಲಿ ತೆರೆ ತೋರಿಸಿ ನಿಲ್ಲುತ್ತದೆ. ಇದನ್ನು ತಪ್ಪಿಸಲು ವೋಲ್ಟೇಜ್ ಏರಿಸಬೇಕು. ತೊಂದರೆ ಶುರುವಾಗುವುದು ಇಲ್ಲೇ. ವಿದ್ಯುತ್ ಬಳಕೆ ವೇಗದ ಜೊತೆ ನೇರ ಅನುಪಾತದಲ್ಲಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದ ಅನುಪಾತದಲ್ಲಿ. ವೇಗವನ್ನು ನೂರಕ್ಕೆ 5, ವೋಲ್ಟೇಜನ್ನು ನೂರಕ್ಕೆ 10 ಏರಿಸಿದಿರಿ ಅನ್ನೋಣ. 1.05 × 1.1 × 1.1, ಅಂದರೆ ಸುಮಾರು 1.27. ನೂರಕ್ಕೆ ಐದರಷ್ಟು ವೇಗಕ್ಕಾಗಿ ನೂರಕ್ಕೆ ಇಪ್ಪತ್ತೇಳರಷ್ಟು ಹೆಚ್ಚು ವಿದ್ಯುತ್ತು, ಅಷ್ಟೇ ಹೆಚ್ಚು ಶಾಖ.

ಒಂದು ಕಾಲಕ್ಕೆ ನಿಜಕ್ಕೂ ಲಾಭವಿತ್ತು

1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಇದಕ್ಕೆ ಹೆಸರಾದ ಉದಾಹರಣೆ. ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಜ್‌ಗೆ ಬದಲಿಸಿದರೆ ಸಾಕು, 300 ಮೆಗಾಹರ್ಟ್ಜ್‌ನ ಅಗ್ಗದ ಚಿಪ್ಪು 450ರಲ್ಲಿ ಓಡುತ್ತಿತ್ತು. ಒಂದೇ ಅಚ್ಚಿನಲ್ಲಿ ತಯಾರಾದ ಚಿಪ್ಪುಗಳನ್ನು ಕಂಪನಿಗಳು ಬೇರೆಬೇರೆ ವೇಗದ ಹೆಸರಲ್ಲಿ ಮಾರುತ್ತಿದ್ದವು. ಕಡಿಮೆ ಬೆಲೆಯವಕ್ಕೆ ಬೇಡಿಕೆ ಹೆಚ್ಚಿದ್ದರಿಂದ ಗಟ್ಟಿ ಚಿಪ್ಪುಗಳೂ ಆ ಹೆಸರಲ್ಲೇ ಬರುತ್ತಿದ್ದವು. 2011ರ ಕೋರ್ ಐ5-2500ಕೆ ಕೂಡ ಹಾಗೆಯೇ: 3.3 ಗಿಗಾಹರ್ಟ್ಜ್ ಮೂಲವೇಗದ ಪ್ರೊಸೆಸರನ್ನು ಒಳ್ಳೆಯ ಕೂಲರ್ ಇದ್ದವರು 4.5ರವರೆಗೆ ಒಯ್ಯುತ್ತಿದ್ದರು. ಆ ಹೆಚ್ಚಳ ಆಟದಲ್ಲಿ, ವಿಡಿಯೊ ಎಡಿಟಿಂಗ್‌ನಲ್ಲಿ ಕಣ್ಣಿಗೆ ಕಾಣುತ್ತಿತ್ತು.

ಈಗ ಆ ಮಿಗತೆಯನ್ನು ಕಂಪನಿಯೇ ಬಳಸಿಕೊಂಡಿದೆ. 2008ರಲ್ಲಿ ಇಂಟೆಲ್ ಟರ್ಬೊ ಬೂಸ್ಟ್ ತಂದಿತು, ಮುಂದೆ ಎಎಂಡಿಯಲ್ಲಿ ಪ್ರಿಸಿಷನ್ ಬೂಸ್ಟ್ ಬಂತು. ಪ್ರೊಸೆಸರ್ ತನ್ನ ಬಿಸಿ, ವಿದ್ಯುತ್ತು, ಕೆಲಸದ ಭಾರವನ್ನು ಕ್ಷಣಕ್ಷಣ ಅಳೆದು ತಾನೇ ವೇಗ ಏರಿಸಿಕೊಳ್ಳುತ್ತದೆ. 2023ರ ಕೋರ್ ಐ9-14900ಕೆ ಪೆಟ್ಟಿಗೆಯಿಂದ ತೆಗೆದಾಗಲೇ ಕೆಲವು ಕೋರ್‌ಗಳಲ್ಲಿ 6 ಗಿಗಾಹರ್ಟ್ಜ್ ಮುಟ್ಟುತ್ತದೆ. ಅದರ ಟರ್ಬೊ ವಿದ್ಯುತ್ ಮಿತಿ 253 ವ್ಯಾಟ್. 2022ರ ರೈಜೆನ್ 7000 ಸರಣಿಯ ದೊಡ್ಡ ಚಿಪ್ಪುಗಳು ಭಾರ ಬಿದ್ದಾಗ 95 ಡಿಗ್ರಿಯವರೆಗೆ ಹೋಗುವಂತೆಯೇ ರೂಪಿಸಿದಂಥವು. ನಾವು ಮೇಲೆ ಸೇರಿಸಬಹುದಾದದ್ದು ಸಾಮಾನ್ಯವಾಗಿ ನೂರಕ್ಕೆ ಹತ್ತಕ್ಕಿಂತ ಕಡಿಮೆ.

ಕಾರ್ಖಾನೆಯಲ್ಲೇ ಅಂಚಿಗೆ ತಂದಿಟ್ಟರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಮಿತಿಮೀರಿದ ವೋಲ್ಟೇಜಿನಿಂದ ಕಾಲಕ್ರಮೇಣ ಹದಗೆಟ್ಟು ಆಗಾಗ ಕ್ರ್ಯಾಶ್ ಆಗತೊಡಗಿದವು. ಕಂಪನಿ 2024ರ ಆಗಸ್ಟ್‌ನಿಂದ ಬಯೋಸ್ ಮೂಲಕ ಮೈಕ್ರೊಕೋಡ್ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ತಲೆಮಾರಿನ ಪ್ರೊಸೆಸರ್ ನಿಮ್ಮಲ್ಲಿದ್ದರೆ ಮಾಡಬೇಕಾದ ಮೊದಲ ಕೆಲಸ ಬಯೋಸ್ ಅಪ್‌ಡೇಟ್.

ಬಿಸಿಲು, ಧೂಳು, ಕರೆಂಟು

ಮನೆಬಳಕೆಯ ಕೂಲರ್ ಯಾವುದೇ ಇರಲಿ, ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಭಾರದ ಕೆಲಸದಲ್ಲಿ ನಿಮ್ಮ ಪ್ರೊಸೆಸರ್ ಕೋಣೆಗಿಂತ 60 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಅನ್ನೋಣ. ಕೋಣೆಯಲ್ಲಿ 22 ಡಿಗ್ರಿ ಇದ್ದರೆ ಅದು 82. ಬೇಸಿಗೆಯಲ್ಲಿ ತಗಡಿನ ಮನೆಯ ಕೋಣೆ 38 ಇದ್ದರೆ ಅದೇ ಯಂತ್ರ 98. ಇಂಟೆಲ್‌ನ ಬಹುತೇಕ ಡೆಸ್ಕ್‌ಟಾಪ್ ಚಿಪ್ಪುಗಳಿಗೆ 100 ಡಿಗ್ರಿ ಗರಿಷ್ಠ ಮಿತಿ. ಅದನ್ನು ಮುಟ್ಟುತ್ತಲೇ ಅವು ತಾವಾಗಿ ವೇಗ ಇಳಿಸಿಕೊಳ್ಳುತ್ತವೆ. ಡಿಸೆಂಬರಿನಲ್ಲಿ ಸ್ಥಿರವಾಗಿದ್ದ ಓವರ್‌ಕ್ಲಾಕ್ ಏಪ್ರಿಲ್‌ನಲ್ಲಿ ಕೈಕೊಡುವುದು ಇದೇ ಕಾರಣಕ್ಕೆ.

ಸಂಡೂರು ಕಡೆಯ ಧೂಳು ಇನ್ನೊಂದು ಹೊರೆ. ಅದಿರು ಲಾರಿಗಳ ಹಾದಿಯ ಪಕ್ಕದ ಮನೆಗಳಲ್ಲಂತೂ ಕೇಳುವುದೇ ಬೇಡ. ಹೊರಗಿನಿಂದ ನೋಡಿದರೆ ಫ್ಯಾನಿನ ರೆಕ್ಕೆಗೆ ಒಂದಿಷ್ಟು ಧೂಳು ಹತ್ತಿದಂತೆ ಕಾಣುತ್ತದೆ, ಅಷ್ಟೇ. ಹೀಟ್‌ಸಿಂಕಿನ ಮೇಲಿನ ಫ್ಯಾನ್ ಬಿಚ್ಚಿ ನೋಡಿ: ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳ ಬಾಯಿಗೆ ನೂಲು, ಕೂದಲು, ಕೆಮ್ಮಣ್ಣು ಸೇರಿ ಕಂಬಳಿಯಂಥ ಪದರ ಕಟ್ಟಿರುತ್ತದೆ. ಫ್ಯಾನು ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಇಳಿಯುವುದಿಲ್ಲ.

ಮೂರನೆಯದು ವಿದ್ಯುತ್ತು. ಮನೆಗಳಲ್ಲಿ ಹೆಚ್ಚಾಗಿ ಇರುವುದು 600 ವಿಎ ಯುಪಿಎಸ್; ಅದು ತಡೆಯುವುದು ಸುಮಾರು 360 ವ್ಯಾಟ್. ಓವರ್‌ಕ್ಲಾಕ್ ಮಾಡಿದ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಮೂರೂ ಸೇರಿದರೆ ಅದನ್ನು ಮೀರುವುದು ಸುಲಭ. ಮೀರಿದಾಗ ಕರೆಂಟು ಹೋದ ಗಳಿಗೆಯಲ್ಲೇ ಯುಪಿಎಸ್ ಕೂಗಿ ಆಫ್ ಆಗುತ್ತದೆ, ಅರ್ಧ ಮುಗಿದ ಕೆಲಸವೂ ಹೋಗುತ್ತದೆ. ಬಿಲ್ಲಿನ ಲೆಕ್ಕವೂ ಇದೆ. ಯಂತ್ರ 100 ವ್ಯಾಟ್ ಹೆಚ್ಚು ಎಳೆಯುತ್ತಾ ದಿನಕ್ಕೆ 6 ಗಂಟೆ ಓಡಿದರೆ ತಿಂಗಳಿಗೆ 18 ಯೂನಿಟ್. ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಹೆಚ್ಚಿನ ಮನೆಗಳಿಗೆ ಹಳೆಯ ಸರಾಸರಿ ಬಳಕೆಯ ಮೇಲೆ ಉಚಿತ ಮಿತಿ ನಿಗದಿಯಾಗಿದೆ. ದಾಟಿದ ಯೂನಿಟ್‌ಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಮಿತಿಯ ಅಂಚಿನಲ್ಲಿರುವ ಮನೆಗೆ 18 ಯೂನಿಟ್ ಸಣ್ಣದಲ್ಲ.

ಹಾಗಾದರೆ ಏನು ಮಾಡಬೇಕು?

*ಮೊದಲು ಧೂಳು.* ಯಂತ್ರ ಆಫ್ ಮಾಡಿ, ವೈರ್ ಕಿತ್ತು, ಕ್ಯಾಬಿನೆಟ್ಟನ್ನು ಅಂಗಳಕ್ಕೆ ಒಯ್ದು ಬ್ಲೋವರ್ ಹಿಡಿಯಿರಿ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಊದಬೇಕು. ಗಾಳಿಯ ರಭಸಕ್ಕೆ ಅತಿವೇಗವಾಗಿ ತಿರುಗಿದರೆ ಅದರ ಬೇರಿಂಗ್ ಕೆಡುತ್ತದೆ. ಒದ್ದೆ ಬಟ್ಟೆ ಬೇಡ. ಥರ್ಮಲ್ ಪೇಸ್ಟ್ ಒಣಗಿ ಬಿರುಕು ಬಿಟ್ಟಿದ್ದರೆ ಒರೆಸಿ ಹೊಸದು ಹಚ್ಚಿ. ನಮ್ಮ ಕಡೆ ವರ್ಷಕ್ಕೊಮ್ಮೆ ಸಾಲದು. ಬೇಸಿಗೆಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಆಗಬೇಕು.

*ಎರಡನೆಯದು ರ‍್ಯಾಮ್.* 3200 ಎಂದು ಬರೆದಿರುವ ಡಿಡಿಆರ್4 ರ‍್ಯಾಮ್ ಹಾಕಿದರೂ ಅನೇಕ ಯಂತ್ರಗಳು ಅದನ್ನು 2133 ಅಥವಾ 2400ರಲ್ಲೇ ಓಡಿಸುತ್ತಿರುತ್ತವೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ಕಾಣುತ್ತದೆ. ಬೋರ್ಡು ಒಪ್ಪಿದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಆನ್ ಮಾಡಿ. ತಾಂತ್ರಿಕವಾಗಿ ಇದೂ ಓವರ್‌ಕ್ಲಾಕೇ, ಆದರೆ ರ‍್ಯಾಮ್ ತಯಾರಿಸಿದವರೇ ಪರೀಕ್ಷಿಸಿ ಕೊಟ್ಟ ಅಳತೆ. ಇವತ್ತಿಗೂ ಎಲ್ಲರೂ ಮಾಡಬೇಕಾದ ಓವರ್‌ಕ್ಲಾಕ್ ಇದೊಂದೇ. ಆಮೇಲೆ ಮೆಮ್‌ಟೆಸ್ಟ್86 ಓಡಿಸಿ, ತಪ್ಪು ಒಂದೂ ಬರಬಾರದು.

*ಮೂರನೆಯದು ಅಂಡರ್‌ವೋಲ್ಟ್.* ಪ್ರತಿಯೊಂದು ಚಿಪ್ಪಿಗೂ ಕಂಪನಿ ಸ್ವಲ್ಪ ಹೆಚ್ಚಿನ ವೋಲ್ಟೇಜನ್ನೇ ನಿಗದಿ ಮಾಡಿರುತ್ತದೆ. ಅದನ್ನು ಮೆಲ್ಲಗೆ ಇಳಿಸಿದರೆ ವೇಗ ಹಾಗೇ ಇದ್ದು ಬಿಸಿ ತಗ್ಗುತ್ತದೆ; ಬಿಸಿಯಿಂದಾಗಿ ಹಿಂಜರಿಯುತ್ತಿದ್ದ ಪ್ರೊಸೆಸರ್ ಇನ್ನೂ ವೇಗವಾಗುವುದೂ ಉಂಟು. ರೈಜೆನ್ 5000ದಿಂದ ಈಚಿನವಕ್ಕೆ ಕರ್ವ್ ಆಪ್ಟಿಮೈಜರ್ ಇದೆ: ಎಲ್ಲ ಕೋರ್‌ಗಳಿಗೂ ಮೈನಸ್ 10ರಿಂದ ಶುರುಮಾಡಿ, ಪರೀಕ್ಷಿಸುತ್ತ ಮುಂದೆ ಹೋಗಿ. ಅಷ್ಟು ತಾಳ್ಮೆ ಇಲ್ಲದವರು ಇಕೊ ಮೋಡ್ ಹಾಕಿದರೂ ಸಾಕು. ಇಂಟೆಲ್‌ನಲ್ಲಿ ಬಯೋಸ್‌ನ ಪವರ್ ಲಿಮಿಟ್ ಇಳಿಸಿ. ಗ್ರಾಫಿಕ್ಸ್ ಕಾರ್ಡಿಗೆ ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ ಪಟ್ಟಿಯನ್ನು ನೂರರಿಂದ ಎಂಬತ್ತಕ್ಕೆ ಎಳೆದು ನೋಡಿ. ಆಟದಲ್ಲಿ ವ್ಯತ್ಯಾಸ ಗುರುತಿಸುವುದೇ ಕಷ್ಟ, ಕೋಣೆಯ ಧಗೆ ಮಾತ್ರ ಇಳಿದಿರುತ್ತದೆ.

*ನಾಲ್ಕನೆಯದು ಹಳೆಯ ಯಂತ್ರ.* ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬರುವ ಸೆಕೆಂಡ್‌ಹ್ಯಾಂಡ್ ಆಫೀಸ್ ಕಂಪ್ಯೂಟರುಗಳೇ ನಮ್ಮ ಊರುಗಳಲ್ಲಿ ಹೆಚ್ಚು. ಅವುಗಳ ಪ್ರೊಸೆಸರಿಗೆ ಬೀಗ ಬಿದ್ದಿರುತ್ತದೆ, ಮಲ್ಟಿಪ್ಲೈಯರ್ ಏರಿಸಲು ಬರುವುದಿಲ್ಲ. ಅವಕ್ಕೆ ಬೇಕಾದ್ದು ಹಾರ್ಡ್‌ಡಿಸ್ಕಿನ ಜಾಗಕ್ಕೆ ಒಂದು ಎಸ್‌ಎಸ್‌ಡಿ, ಒಂಟಿ ರ‍್ಯಾಮ್ ಪಟ್ಟಿಯ ಪಕ್ಕಕ್ಕೆ ಇನ್ನೊಂದು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆ, ಅರ್ಜಿ ತುಂಬುವವರಿಗೆ, ಓದುವ ಮಕ್ಕಳಿಗೆ ಇದರಿಂದ ಸಿಗುವ ಚುರುಕು ಯಾವ ಓವರ್‌ಕ್ಲಾಕಿನಿಂದಲೂ ಸಿಗದು.

ಇಷ್ಟಾದರೂ ಮಾಡಲೇಬೇಕು ಅನ್ನುವವರಿಗೆ

ಕಲಿಯುವ ಆಸೆಯಿಂದ ಮಾಡುವವರನ್ನು ನಾನು ತಡೆಯುವುದಿಲ್ಲ. ವೋಲ್ಟೇಜ್, ಶಾಖ, ವೇಗ ಇವುಗಳ ನಂಟನ್ನು ಕೈಯಾರೆ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರ್, ಝಡ್ ಸರಣಿಯ ಬೋರ್ಡು ಬೇಕು. ಹಳೆಯ 2600ಕೆ, 4790ಕೆ ಸಿಕ್ಕರೆ ಪ್ರಯೋಗಕ್ಕೆ ಹೇಳಿಮಾಡಿಸಿದ್ದು. ಕಡತಗಳನ್ನೆಲ್ಲ ಬೇರೆ ಡ್ರೈವಿಗೆ ನಕಲು ಮಾಡಿಕೊಳ್ಳಿ. ಮಲ್ಟಿಪ್ಲೈಯರನ್ನು ಒಂದೊಂದೇ ಅಂಕಿ ಏರಿಸಿ, ಪ್ರತಿ ಸಲವೂ ಸಿನೆಬೆಂಚ್ ಇಲ್ಲವೇ ಒಸಿಸಿಟಿಯನ್ನು ಅರ್ಧ ಗಂಟೆ ಓಡಿಸಿ, ಎಚ್‌ಡಬ್ಲ್ಯೂಇನ್ಫೊದಲ್ಲಿ ಬಿಸಿ ನೋಡಿ. ಚಳಿಗಾಲದಲ್ಲೇ 80 ಡಿಗ್ರಿ ದಾಟಿದರೆ ಅಲ್ಲಿಗೆ ನಿಲ್ಲಿಸಿ, ಬೇಸಿಗೆಗೆ ಜಾಗ ಉಳಿಯಬೇಕು. ವಾರಂಟಿ ಇರುವ ಯಂತ್ರದಲ್ಲಿ, ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಬೇಡ.

ಮದುವೆ ಆಲ್ಬಮ್ ಮಾಡುವ ಸ್ಟುಡಿಯೊದವರಿಗೆ, ಡಿಟಿಪಿ ಕೆಲಸದವರಿಗೆ ಒಂದು ಮಾತು. ಓವರ್‌ಕ್ಲಾಕಿನ ಅಪಾಯ ಯಂತ್ರ ನಿಂತುಹೋಗುವುದಷ್ಟೇ ಅಲ್ಲ. ಯಂತ್ರ ನಿಲ್ಲದೆಯೇ ಕಡತದೊಳಗೆ ಒಂದೆರಡು ಬಿಟ್ ತಪ್ಪಾಗಿ ಕೂರಬಹುದು, ಅದು ಗೊತ್ತಾಗುವುದು ಫೈಲ್ ತೆರೆಯದೆ ಹೋದ ದಿನ. ಹೊಟ್ಟೆಪಾಡು ನಡೆಸುವ ಯಂತ್ರ ಐದು ನಿಮಿಷ ಬೇಗ ರೆಂಡರ್ ಮುಗಿಸುವುದಕ್ಕಿಂತ ಮೇ ತಿಂಗಳ ಮದುವೆ ಸೀಸನ್ನಿನಲ್ಲಿ ಒಮ್ಮೆಯೂ ನಿಲ್ಲದಿರುವುದು ಮುಖ್ಯ. ಕೈಯಲ್ಲಿ ಹಣವಿದ್ದರೆ ದುಬಾರಿ ಕೆ ಪ್ರೊಸೆಸರಿಗೆ ಸುರಿಯಬೇಡಿ. ಸಾಧಾರಣ ಪ್ರೊಸೆಸರ್, ದೊಡ್ಡ ಟವರ್ ಕೂಲರ್, ಧೂಳು ತಡೆಯುವ ಜಾಲರಿಯ ಕ್ಯಾಬಿನೆಟ್, ಭಾರಕ್ಕೆ ತಕ್ಕ ಯುಪಿಎಸ್ ಕೊಳ್ಳಿ.