ಕಂಚಿ ಮತ್ತು ಬಾದಾಮಿ: ಕೀರ್ತಿಗಾಗಿ ನಡೆದ ಪೈಪೋಟಿ

ಬಾದಾಮಿಯ ಚಾಲುಕ್ಯರಿಗೂ ಕಂಚಿಯ ಪಲ್ಲವರಿಗೂ ನೂರು ವರ್ಷಕ್ಕೂ ಮಿಕ್ಕಿ ನಡೆದ ಹಗೆತನದಲ್ಲಿ ನೆಲದಾಸೆಯಷ್ಟೇ ಬಲವಾಗಿ ಕೆಲಸ ಮಾಡಿದ್ದು ಕೀರ್ತಿಯ ಹಂಬಲ. ಗೆದ್ದ ರಾಜಧಾನಿಯನ್ನು ಬಹುಕಾಲ ಉಳಿಸಿಕೊಳ್ಳುವುದು ಇಬ್ಬರಿಗೂ ಆಗಲಿಲ್ಲವಾದರೂ, ಗೆಲುವನ್ನು ಕಲ್ಲಿನಲ್ಲಿ ಕೊರೆಸುವುದನ್ನು ಇಬ್ಬರೂ ಮರೆಯಲಿಲ್ಲ.

ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ ಕ್ರಿ.ಶ. 634ರ ಪ್ರಶಸ್ತಿ, ಎಂದರೆ ಅರಸನನ್ನು ಹೊಗಳುವ ಕಾವ್ಯರೂಪದ ಶಾಸನ, ಕವಿ ರವಿಕೀರ್ತಿಯ ರಚನೆ. ಇಮ್ಮಡಿ ಪುಲಕೇಶಿಯು ಪಲ್ಲವರ ಒಡೆಯನನ್ನು ಕಂಚಿಯ ಕೋಟೆಗೋಡೆಯ ಹಿಂದೆ ಅಡಗಿಸಿದನೆಂದು ಅದು ಸಾರುತ್ತದೆ. ಕೆಲವೇ ವರ್ಷಗಳಲ್ಲಿ, ಸುಮಾರು 642ರಲ್ಲಿ, ಪಲ್ಲವರ ಒಂದನೆಯ ನರಸಿಂಹವರ್ಮನು ಬಾದಾಮಿಯನ್ನೇ ಹಿಡಿದು, ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನವನ್ನು ಕೊರೆಸಿ, ವಾತಾಪಿಯನ್ನು, ಎಂದರೆ ಬಾದಾಮಿಯನ್ನು, ಗೆದ್ದವನೆಂಬ ಅರ್ಥದ 'ವಾತಾಪಿಕೊಂಡ' ಎಂಬ ಬಿರುದನ್ನು ಧರಿಸಿದನು.

8ನೇ ಶತಮಾನದಲ್ಲಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನು ಇದಕ್ಕೆ ಕೊಟ್ಟ ಉತ್ತರದ ಬಗೆಯೇ ಬೇರೆ. ಪಲ್ಲವರ ನಂದಿವರ್ಮನನ್ನು ಸೋಲಿಸಿದಾಗ ಆನೆಗಳು, ಮಾಣಿಕ್ಯಗಳೊಂದಿಗೆ 'ಸಮುದ್ರಘೋಷ'ವೆಂಬ ವಾದ್ಯವನ್ನೂ ಖಟ್ವಾಂಗದ, ಎಂದರೆ ತಲೆಬುರುಡೆಯುಳ್ಳ ದಂಡದ, ಗುರುತಿನ ಧ್ವಜವನ್ನೂ ವಶಪಡಿಸಿಕೊಂಡನೆಂದು ಅವನ ಮಗನ ಕೆಂದೂರು ತಾಮ್ರಪಟ ಹೇಳುತ್ತದೆ. ಇಂಥ ರಾಜಲಾಂಛನಗಳು ಕೈಬಿಟ್ಟರೆ ಅರಸನ ಮಾನವೇ ಹೋದಂತೆ. ಆದರೆ ಕಂಚಿಯನ್ನು ಹೊಕ್ಕ ಮೇಲೆ ಅವನು ಊರನ್ನು ಹಾಳುಗೆಡವದೆ, ಕೈಲಾಸನಾಥ ದೇವಾಲಯದ ಸಂಪತ್ತನ್ನು ಕಂಡು ಅದನ್ನು ದೇವರಿಗೇ ಬಿಟ್ಟುಕೊಟ್ಟನು, ಮತ್ತು ಆ ಸಂಗತಿಯನ್ನು ಅದೇ ದೇವಾಲಯದ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದನು. ಸುಲಿಗೆಯಿಂದ ಬೊಕ್ಕಸ ತುಂಬುತ್ತಿತ್ತು. ಈ ಔದಾರ್ಯದಿಂದಲಾದರೋ ಶತ್ರುವಿನ ಕುಲದೇಗುಲವೇ ಗೆದ್ದವನ ಹಿರಿಮೆಗೆ ಸಾಕ್ಷಿಯಾಯಿತು.

ಈ ಗೆಲುವಿನ ನೆನಪಿಗಾಗಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ, ಇಂದು ವಿರೂಪಾಕ್ಷ ಎನಿಸಿಕೊಂಡ ದೇವಾಲಯದಲ್ಲಿ ಕೈಲಾಸನಾಥದ ಪ್ರಭಾವವನ್ನು ವಿದ್ವಾಂಸರು ಗುರುತಿಸಿದ್ದಾರೆ: ಅಂತಸ್ತುಗಳಾಗಿ ಮೇಲೇರುವ ದ್ರಾವಿಡ ವಿಮಾನ, ಎಂದರೆ ಗರ್ಭಗುಡಿಯ ಮೇಲಿನ ಗೋಪುರ, ಹಾಗೂ ಪ್ರಾಕಾರದ ಗೋಡೆಗುಂಟ ಕಿರುಗುಡಿಗಳ ಸಾಲು ಎರಡರಲ್ಲಿಯೂ ಇವೆ. ಕಂಚಿಯನ್ನು ಮೂರು ಬಾರಿ ಗೆದ್ದ ಅರಸನ ರಾಣಿಯ ಈ ಗುಡಿಯನ್ನು ಕಟ್ಟಿದ ಸೂತ್ರಧಾರಿ ಗುಂಡನಿಗೆ 'ತ್ರಿಭುವನಾಚಾರಿ' ಎಂಬ ಪದವಿ ದೊರೆತದ್ದನ್ನೂ ಅಲ್ಲಿನ ಶಾಸನ ದಾಖಲಿಸುತ್ತದೆ. ಸೋಲಿಸಿದವರ ಕಲೆಯನ್ನೇ ಮಾದರಿಯಾಗಿ ಎತ್ತಿಕೊಂಡದ್ದು, ಹಗೆಯ ಹಿರಿಮೆಯನ್ನು ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡ ರೀತಿಯೂ ಹೌದು. ಎದುರಾಳಿ ಅಲ್ಪನಾದರೆ ಅವನನ್ನು ಗೆದ್ದುದರಿಂದ ಕೀರ್ತಿ ಬರುವುದೂ ಇಲ್ಲ.

ಆದರೆ ಕೀರ್ತಿ ರಾಜ್ಯವನ್ನು ಕಾಯಲಿಲ್ಲ. ವಿಕ್ರಮಾದಿತ್ಯನ ಮಗ ಇಮ್ಮಡಿ ಕೀರ್ತಿವರ್ಮನ ಕಾಲದಲ್ಲಿ, ದಕ್ಷಿಣದ ಹಗೆಯಿಂದಲ್ಲ, ಚಾಲುಕ್ಯರಿಗೇ ಅಧೀನರಾಗಿದ್ದ ರಾಷ್ಟ್ರಕೂಟರ ದಂತಿದುರ್ಗನಿಂದ ಬಾದಾಮಿಯ ಅಧಿಕಾರ ಮುರಿದುಬಿತ್ತು.